ಬೀಗ ಹಾಕಿದ ಕೋಣೆಯಲ್ಲಿ ಒಂದು ತಾಸು

ಕಳ್ಳರು ಒಳಗೆ ಬಾರದಿರಲೆಂದು ಗೃಹಸ್ಥನು ಬಾಗಿಲಿಗೆ ಬೀಗ ಹಾಕುತ್ತಾನೆ. ತಪ್ಪು ಮಾಡಿದವರು ಹೊರಗೆ ಹೋಗದಿರಲೆಂದು ಸರಕಾರ ಬೀಗ ಹಾಕುತ್ತದೆ. ಆದರೆ ಹಣ ತೆತ್ತು, ತಾನಾಗಿಯೇ ಒಂದು ಕೋಣೆಯನ್ನು ಹೊಕ್ಕು, ಬೀಗ ಹಾಕಿಸಿಕೊಂಡು, ಹೊರಗೆ ಬರುವ ಉಪಾಯವನ್ನು ಹುಡುಕುತ್ತ ಒಂದು ತಾಸು ಕಳೆಯುವ ಆಟವಿದೆಯೆಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. 2024ರ ಅಕ್ಟೋಬರ್ ತಿಂಗಳಲ್ಲಿ ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್‌ನಲ್ಲಿ ಅಂಥ ಕೋಣೆಯೊಂದರೊಳಗೆ ನಾವೇ ಕುಳಿತುಬಂದೆವು. ಅಲ್ಲಿ ಕಂಡದ್ದನ್ನೂ, ಅದರಿಂದ ನಮ್ಮ ತಪ್ಪೊಂದು ನಮಗೆ ತಿಳಿದದ್ದನ್ನೂ ವಾಚಕರ ಮುಂದೆ ಇಡುವುದು ಈ ಬರಹದ ಉದ್ದೇಶ.

ನಮ್ಮ ತಮ್ಮನ ಮಗನು ಆ ನಗರದ ಕಂಪ್ಯೂಟರ್ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದಾನೆ. ಹೆಂಡತಿ, ಹದಿನೈದು ವರ್ಷದ ಮಗ, ಹನ್ನೊಂದು ವರ್ಷದ ಮಗಳು, ಇಷ್ಟು ಅವನ ಸಂಸಾರ. ‘ದೊಡ್ಡಪ್ಪಾ, ಒಮ್ಮೆ ಬಂದು ಹೋಗ್ರಿ’ ಎಂಬ ಅವನ ಒತ್ತಾಯಕ್ಕೆ ಮಣಿದು ಮೂರು ವಾರಗಳ ಮಟ್ಟಿಗೆ ಹೋಗಿದ್ದೆವು. ಹೊತ್ತು ಹುಟ್ಟುವ ಮೊದಲೇ ಎದ್ದು ಲಿಂಗಪೂಜೆ ಮುಗಿಸಿ ಕಿಟಕಿಯ ಬಳಿ ನಿಂತರೆ ಮಂಜಿನ ನಡುವೆ ಡ್ಯಾನ್ಯೂಬ್ ನದಿ ಕಾಣುತ್ತಿತ್ತು. ನದಿಯ ಪಶ್ಚಿಮ ದಂಡೆಯಲ್ಲಿ ಗುಡ್ಡಗಳ ಮೇಲೆ ಹರಡಿದ ಬುಡಾ, ಪೂರ್ವದ ಬಯಲಿನಲ್ಲಿ ಪೆಸ್ಟ್. ಇವೆರಡೂ ಓಬುಡಾ ಎಂಬ ಮತ್ತೊಂದು ಊರಿನೊಡನೆ ಕೂಡಿ ಒಂದೇ ನಗರವಾದದ್ದು 1873ರಲ್ಲಿ. ಎರಡು ದಂಡೆಗಳನ್ನು ಮೊದಲು ಶಾಶ್ವತವಾಗಿ ಬೆಸೆದ ಸರಪಳಿ ಸೇತುವೆಯಾದರೋ ಅದಕ್ಕೂ ಹಿಂದೆ, 1849ರಲ್ಲಿಯೇ ತೆರೆದಿತ್ತು. 1896ರಲ್ಲಿ ಹಾಕಿದ ಸುರಂಗ ರೈಲುಮಾರ್ಗದಲ್ಲಿ ಇಂದಿಗೂ ಸಣ್ಣ ಹಳದಿ ಗಾಡಿಗಳು ಓಡುತ್ತವೆ. ನಗರದ ಮನೆಗಳ ರಚನೆ ನಮಗೆ ಹಿಡಿಸಿತು. ಬೀದಿಗೆ ದೊಡ್ಡ ಮರದ ಬಾಗಿಲು, ಒಳಗೆ ಹೋದರೆ ಅಂಗಳ, ಅಂಗಳದ ಸುತ್ತ ಅಂತಸ್ತಂತಸ್ತಾಗಿ ಪಡಸಾಲೆ, ಪ್ರತಿ ಪಡಸಾಲೆಗೂ ಸಾಲು ಬಾಗಿಲುಗಳು. ನಮ್ಮ ಕಡೆಯ ಹಳೆಯ ವಾಡೆಗಳನ್ನು ಒಂದರ ಮೇಲೊಂದು ಇಟ್ಟಂತೆ. ಕೆಳಗೆ ಕಲ್ಲಿದ್ದಲು, ಕಟ್ಟಿಗೆ ತುಂಬಿಡಲು ಮಾಡಿದ ನೆಲಮಾಳಿಗೆಗಳು. ಈ ನೆಲಮಾಳಿಗೆಗಳಿಗೂ ನಾವು ಹೇಳಹೊರಟ ಆಟಕ್ಕೂ ಸಂಬಂಧವಿದೆ.

ಬುಡಾಪೆಸ್ಟ್ ಒಗಟುಗಳ ಊರು. ಆರು ಮುಖ, ಆರು ಬಣ್ಣಗಳ ತಿರುಗುವ ಘನವನ್ನು ನಮ್ಮ ಹಳ್ಳಿಯ ಮಕ್ಕಳೂ ಕೈಯಲ್ಲಿ ಹಿಡಿದು ತಿರುವುತ್ತಾರಷ್ಟೆ. ಅದನ್ನು 1974ರಲ್ಲಿ ನಿರ್ಮಿಸಿದ ಎರ್ನೋ ರೂಬಿಕ್ ಈ ನಗರದಲ್ಲಿಯೇ ಹುಟ್ಟಿ, ಇಲ್ಲಿಯೇ ವಾಸ್ತುವಿನ್ಯಾಸ ಕಲಿಸುತ್ತಿದ್ದ ಉಪಾಧ್ಯಾಯರು. ಆ ಘನದ ಬಣ್ಣಗಳು ಕಲೆಯಬಹುದಾದ ಬಗೆಗಳ ಸಂಖ್ಯೆ 43,252,003,274,489,856,000. ಅಂದರೆ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಕೋಟಿ ಕೋಟಿಗಿಂತ ಹೆಚ್ಚು. ನಿರ್ಮಿಸಿದವರಿಗೇ ಅದನ್ನು ಮೊದಲ ಸಲ ಸರಿಪಡಿಸಲು ಒಂದು ತಿಂಗಳ ಮೇಲೆ ಹಿಡಿಯಿತಂತೆ. ಕಟ್ಟಿದವನೇ ತನ್ನ ಒಗಟಿನೊಳಗೆ ಸಿಕ್ಕಿಕೊಂಡನೆಂಬ ಈ ಸಂಗತಿ ನಮಗೆ ವಿನೋದವಾಗಿಯೂ ವಿಚಾರಾರ್ಹವಾಗಿಯೂ ತೋರಿತು. ಬೇಡಿ, ಸಂಕೋಲೆ, ಪೆಟ್ಟಿಗೆಗಳಿಂದ ಬಿಡಿಸಿಕೊಂಡು ಹೊರಬರುವುದರಲ್ಲಿ ಲೋಕಪ್ರಸಿದ್ಧನಾದ ಜಾದೂಗಾರ ಹ್ಯಾರಿ ಹೌಡಿನಿ ಅಮೆರಿಕದಲ್ಲಿ ಬೆಳೆದವನಾದರೂ, 1874ರಲ್ಲಿ ಜನಿಸಿದ್ದು ಬುಡಾಪೆಸ್ಟ್‌ನಲ್ಲಿಯೇ. ಇಂಥ ಊರಿನಲ್ಲಿ ಬೀಗ ಹಾಕಿದ ಕೋಣೆಯ ಆಟ ಬೇರೂರಿದ್ದು ಸಹಜವೇ ಸರಿ.

ಆದರೆ ಈ ಆಟದ ಬೀಜ ಮೊಳೆತದ್ದು ಜಪಾನಿನಲ್ಲಿ. 2004ರಲ್ಲಿ ತೊಶಿಮಿತ್ಸು ತಕಾಗಿ ಎಂಬವರು ‘ಕ್ರಿಮ್ಸನ್ ರೂಮ್’ ಎಂಬ ಕಂಪ್ಯೂಟರ್ ಆಟವನ್ನು ಅಂತರ್ಜಾಲದಲ್ಲಿ ಇಟ್ಟರು. ಪರದೆಯ ಮೇಲೆ ಕೆಂಪು ಗೋಡೆಯ ಒಂದು ಕೋಣೆ. ಹಾಸಿಗೆ, ಕಪಾಟು, ಪರದೆಗಳನ್ನು ತಡವಿ ನೋಡಿ, ಸಿಕ್ಕ ವಸ್ತುಗಳನ್ನು ಒಂದಕ್ಕೊಂದು ಹೊಂದಿಸಿ ಬಾಗಿಲು ತೆರೆಯಬೇಕು. ಆಡುವವನು ಒಬ್ಬನೇ, ಕೆಲಸವೆಲ್ಲ ಬೆರಳ ತುದಿಯಲ್ಲಿ. 2007ರಲ್ಲಿ ಕ್ಯೋಟೋ ನಗರದ ತಕಾವೊ ಕಾಟೊ ಎಂಬವರು ಇಂಥ ಆಟವನ್ನು ಪರದೆಯಿಂದ ಹೊರತಂದು, ನಿಜವಾದ ಕೋಣೆಯಲ್ಲಿ, ನಿಜವಾದ ಮನುಷ್ಯರಿಂದ ಆಡಿಸಿದರು. ಇತ್ತ ಬುಡಾಪೆಸ್ಟ್‌ನಲ್ಲಿ 2011ರಲ್ಲಿ ಅತ್ತಿಲಾ ಡ್ಯುರ್ಕೊವಿಚ್ ಎಂಬವರು ಜಪಾನಿನ ಸುದ್ದಿಯನ್ನು ಅರಿಯದೆಯೇ, ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ‘ಪ್ಯಾರಾಪಾರ್ಕ್’ ಎಂಬ ಇದೇ ಬಗೆಯ ಆಟವನ್ನು ತೆರೆದರು. ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯಿ ಚಿಕ್‌ಸೆಂಟ್‌ಮಿಹಾಯಿಯವರ ವಿಚಾರ ಅವರಿಗೆ ಪ್ರೇರಣೆ. ಮಾಡುವ ಕೆಲಸ ತೀರ ಸುಲಭವೂ ಆಗದೆ, ಶಕ್ತಿಗೆ ಮೀರಿದ್ದೂ ಆಗದೆ, ಸರಿಯಾದ ಹದದಲ್ಲಿದ್ದಾಗ ಮನುಷ್ಯನು ಹೊತ್ತನ್ನೂ ತನ್ನನ್ನೂ ಮರೆತು ಅದರಲ್ಲಿ ಲೀನನಾಗುತ್ತಾನೆ, ಆ ತಲ್ಲೀನತೆಯೇ ಸುಖ ಎಂಬುದು ಆ ವಿದ್ವಾಂಸರ ಸಿದ್ಧಾಂತ. ಕಾಯಕದ ತತ್ತ್ವವನ್ನು ಉಂಡು ಬೆಳೆದ ನಮಗೆ ಇದು ಅಪರಿಚಿತವೆನ್ನಿಸಲಿಲ್ಲ.

ಖಾಲಿ ಬಿದ್ದ ನೆಲಮಾಳಿಗೆಗಳು, ಶಿಥಿಲವಾದ ಅಂಗಳದ ಮನೆಗಳು ಆ ನಗರದಲ್ಲಿ ಬೇಕಾದಷ್ಟಿದ್ದವು. ಹೀಗಾಗಿ ಒಂದರ ಬೆನ್ನಿಗೆ ಒಂದರಂತೆ ಇಂಥ ಕೋಣೆಗಳು ತೆರೆದವು. ಅಲ್ಲಿಂದ ಯುರೋಪಿನ ಇತರ ನಗರಗಳಿಗೂ ಆಟ ಹಬ್ಬಿತು. ಈಗ ಬೆಂಗಳೂರಿನಲ್ಲಿಯೂ ಇಂಥವು ಇವೆ. ಲೋಕವೆಲ್ಲ ಇವನ್ನು ‘ಎಸ್ಕೇಪ್ ರೂಮ್’ ಎಂದು ಕರೆಯುತ್ತದೆ, ಅಂದರೆ ಪಾರಾಗುವ ಕೋಣೆ. ಹಂಗೇರಿಯನ್ನರು ಇಟ್ಟ ಹೆಸರು ‘ಸಬಾಡುಲೋಸೋಬಾ’. ಅದರ ಅರ್ಥವನ್ನು ಮೊಮ್ಮಗನಿಂದ ಕೇಳಿದೆವು. ‘ಬಿಡುಗಡೆ ಹೊಂದುವ ಕೋಣೆ’ ಎಂದ. ಪಾರಾಗುವುದಕ್ಕೂ ಬಿಡುಗಡೆ ಹೊಂದುವುದಕ್ಕೂ ಇರುವ ಅಂತರವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆ ಹೆಸರೇ ನಮ್ಮನ್ನು ಅಲ್ಲಿಗೆ ಎಳೆದೊಯ್ದಿತೆನ್ನಬೇಕು.

ಒಂದು ದಿನ ಮಧ್ಯಾಹ್ನ ನಾವು ಐವರೂ ಹೊರಟೆವು. ನಮ್ಮ ಕೋಣೆಯಿದ್ದದ್ದು ನಗರದ ಏಳನೆಯ ವಿಭಾಗದಲ್ಲಿ. ಇದು ಹಿಂದೆ ಯಹೂದಿಯರ ಕೇರಿ. 1859ರಲ್ಲಿ ಕಟ್ಟಿದ, ಯುರೋಪಿನಲ್ಲಿಯೇ ಎಲ್ಲಕ್ಕಿಂತ ದೊಡ್ಡದಾದ ಅವರ ಪ್ರಾರ್ಥನಾ ಮಂದಿರ ದೋಹಾನಿ ಬೀದಿಯಲ್ಲಿದೆ. ಸಮಯವಿದ್ದುದರಿಂದ ಮೊದಲು ಅಲ್ಲಿಗೆ ಹೋದೆವು. ಮಂದಿರದ ಹಿಂದಿನ ಅಂಗಳದಲ್ಲಿ ಲೋಹದಿಂದ ಮಾಡಿದ ಒಂದು ಮರವಿದೆ. ಕೊಂಬೆಗಳು ನೆಲದತ್ತ ಬಾಗಿವೆ. ಒಂದೊಂದು ಎಲೆಯ ಮೇಲೆ ಹತರಾದ ಒಬ್ಬೊಬ್ಬರ ಹೆಸರು. 1944ರ ಚಳಿಗಾಲದಲ್ಲಿ ಈ ಸುತ್ತಿನ ಕೆಲವೇ ಬೀದಿಗಳಿಗೆ ಗೋಡೆ ಕಟ್ಟಿ, ಸುಮಾರು 70,000 ಯಹೂದಿಯರನ್ನು ಒಳಗೆ ಕೂಡಿಹಾಕಿದ್ದರು. ಹಸಿವು, ಚಳಿ, ರೋಗ, ಗುಂಡೇಟುಗಳಿಂದ ಸಾವಿರಾರು ಜನ ಅಲ್ಲಿಯೇ ಮಡಿದರು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಬಂದ ಮೇಲೆ ಆ ಗೋಡೆ ಒಡೆಯಿತು. ಸತ್ತವರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನರನ್ನು ಆ ಮಂದಿರದ ಆವರಣದಲ್ಲಿಯೇ ಹೂಳಿದ್ದಾರೆ. ನಾವು ಮರದ ಮುಂದೆ ಕೆಲ ಹೊತ್ತು ಮೌನವಾಗಿ ನಿಂತೆವು. ಗಾಳಿಗೆ ಎಲೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

ಅಲ್ಲಿಂದ ಹೊರಟು ಐದಾರು ನಿಮಿಷ ನಡೆದರೆ ಆಟದ ಮನೆ. ಬೀಗ ಹಾಕಿದ ಬೀದಿಗಳಲ್ಲಿ ಜನ ಸತ್ತ ಜಾಗದ ಪಕ್ಕದಲ್ಲಿಯೇ ಬೀಗ ಹಾಕಿದ ಕೋಣೆಯನ್ನು ಆಟವಾಗಿ ಆಡುವುದು ಯುಕ್ತವೇ ಎಂಬ ಸಂಶಯ ನಮ್ಮಲ್ಲಿ ಎದ್ದಿತು. ಸೊಸೆ ನಮ್ಮ ಮುಖವನ್ನು ನೋಡಿ, ‘ಮಾವನವರ, ಬ್ಯಾಡ ಅನಸಿದ್ರ ತಿರುಗಿ ಹೋಗೂಣು’ ಎಂದಳು. ಮಕ್ಕಳ ಮುಖ ಬಾಡಿತು. ಬಂದದ್ದಾಗಿದೆ, ನೋಡಿಯೇ ತೀರೋಣವೆಂದು ಮೆಟ್ಟಿಲಿಳಿದೆವು.

ಆಟ ನಡೆಸುವವಳು ಇಪ್ಪತ್ತೈದರ ಆಸುಪಾಸಿನ ತರುಣಿ. ಇಂಗ್ಲಿಷಿನಲ್ಲಿ ನಿಯಮಗಳನ್ನು ಹೇಳಿದಳು. ಅವಧಿ ಅರವತ್ತು ನಿಮಿಷ. ಮೊಬೈಲ್ ಫೋನುಗಳನ್ನು ಹೊರಗಿನ ಪೆಟ್ಟಿಗೆಯಲ್ಲಿಡಬೇಕು. ಯಾವುದನ್ನೂ ಬಲದಿಂದ ಎಳೆಯಬಾರದು, ಮುರಿಯಬಾರದು. ಬಲ ಬೇಕಾಗುವ ಒಗಟು ಇಲ್ಲಿ ಒಂದೂ ಇಲ್ಲ. ತಾನು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾಳೆ. ದಾರಿ ತಪ್ಪಿದರೆ ಗೋಡೆಯ ಮೇಲಿನ ಪರದೆಯಲ್ಲಿ ಒಂದು ಸುಳಿವು ಮೂಡುತ್ತದೆ, ಉತ್ತರ ಮಾತ್ರ ಮೂಡುವುದಿಲ್ಲ. ಹೊರಗೆ ಹೋದ ಮೇಲೆ ಕೋಣೆಯ ಗುಟ್ಟನ್ನು ಇನ್ನೊಬ್ಬರಿಗೆ ಹೇಳಬಾರದು, ಹೇಳಿದರೆ ಅವರ ಸಂತೋಷವನ್ನು ಕದ್ದಂತೆ. ಇಷ್ಟು ಹೇಳಿ ಆಕೆ ನಮ್ಮ ಕೊರಳಿನ ಬೆಳ್ಳಿಯ ಕರಡಿಗೆಯನ್ನು ನೋಡಿ, ಇದರೊಳಗೂ ಒಂದು ಒಗಟಿದೆಯೇ ಎಂದು ನಗುತ್ತ ಕೇಳಿದಳು. ತಮ್ಮನ ಮಗ ಅದು ನಮ್ಮ ಪೂಜೆಯ ಇಷ್ಟಲಿಂಗವೆಂದು ತಿಳಿಸಿದ. ಆಕೆ ಕೂಡಲೇ ಗಂಭೀರಳಾಗಿ ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದಳು. ತಪ್ಪೇನೂ ಇಲ್ಲ ತಾಯಿ, ನೀನು ಕೇಳಿದ್ದು ಸರಿಯಾಗಿಯೇ ಇದೆ ಎಂದು ನಾವು ಕನ್ನಡದಲ್ಲಿಯೇ ಅಂದೆವು. ಮೊಮ್ಮಗ ಅದನ್ನು ಆಕೆಯ ಭಾಷೆಗೆ ತಿರುಗಿಸಿದ.

ಗುಟ್ಟು ಕಾಯುವ ಮಾತು ಕೊಟ್ಟಿರುವುದರಿಂದ ಆ ಕೋಣೆಯ ಒಗಟನ್ನು ಇದ್ದಂತೆಯೇ ಇಲ್ಲಿ ಹೇಳುವುದಿಲ್ಲ. ಅದೇ ಜಾತಿಯ ಇನ್ನೊಂದನ್ನು ಅದರ ಜಾಗದಲ್ಲಿಟ್ಟು, ನಡೆದದ್ದನ್ನು ಮಾತ್ರ ನಡೆದಂತೆ ಹೇಳುತ್ತೇವೆ.

ಕೋಣೆ ಹಳೆಯ ಕಾಲದ ಔಷಧದ ಅಂಗಡಿಯಂತಿತ್ತು. ಗೋಡೆಯ ತುಂಬ ಪಿಂಗಾಣಿ ಭರಣಿಗಳು, ಒಂದು ತಕ್ಕಡಿ, ನಿಂತುಹೋದ ಗಡಿಯಾರ, ಕಟ್ಟೆಯ ಮೇಲೆ ಚೌಕಟ್ಟು ಹಾಕಿದ ನಿಲುಗನ್ನಡಿ, ಎಲ್ಲೆಡೆ ಬೀಗ ಬಿದ್ದ ಖಾನೆಗಳು. ಮೊದಲ ಇಪ್ಪತ್ತು ನಿಮಿಷ ನಾವು ಕುರ್ಚಿಯ ಮೇಲೆ ಕುಳಿತು ನೋಡಿದೆವು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನೆದುರು ಕೂಡುವ, ತಂದೆಯ ಪ್ರಶ್ನೆಗೆ ಒಂದೇ ಶಬ್ದದಲ್ಲಿ ಉತ್ತರ ಕೊಡುವ ಮೊಮ್ಮಗ ಇಲ್ಲಿ ತಂದೆಗೆ, ‘ಅಪ್ಪಾ, ನೀನು ತೂಕದ ಕಲ್ಲು ಎಣಸು, ನಾ ಭರಣಿ ನೋಡತೀನಿ’ ಎಂದು ಹೇಳುತ್ತಿದ್ದ. ತಂದೆ ಎಣಿಸುತ್ತಿದ್ದ. ಒಬ್ಬನಿಗೆ ಸಿಕ್ಕ ಅಂಕಿ ಇನ್ನೊಬ್ಬನಿಗೆ ಸಿಕ್ಕ ಬೀಗಕ್ಕೆ ಹೊಂದುತ್ತಿತ್ತು. ಕೂಗಿ ಹೇಳದೆ ಬಾಯಿ ಮುಚ್ಚಿಕೊಂಡವನ ಕೈಯಲ್ಲಿಯ ಕೀಲಿಕೈಗೆ ಅಲ್ಲಿ ಬೆಲೆಯಿಲ್ಲ. ಮೂರು ಖಾನೆಗಳು ತೆರೆದವು.

ಮೂರನೆಯ ಖಾನೆಯಲ್ಲಿ ಒಂದು ಕಾಗದ ಸಿಕ್ಕಿತು. ಅದರ ಕೆಳ ಅಂಚಿನುದ್ದಕ್ಕೂ ನಾಲ್ಕು ವಿಚಿತ್ರ ಚಿಹ್ನೆಗಳು. ಯಾವ ಲಿಪಿಯೂ ಅಲ್ಲ. ಅದನ್ನು ತಂದು ನಮ್ಮ ಕೈಗೆ ಕೊಟ್ಟರು. ‘ದೊಡ್ಡಪ್ಪಾ, ಇದು ನಿಮ್ಮ ಕೆಲಸ’ ಎಂದ ತಮ್ಮನ ಮಗ. ಹೌದಲ್ಲವೆ, ನಾವು ಶಾಸನ ಓದಿದವರು, ತಾಡವಾಲೆಯ ಕಟ್ಟುಗಳನ್ನು ಬಿಚ್ಚಿದವರು! ಕನ್ನಡಕವನ್ನು ಸರಿಪಡಿಸಿಕೊಂಡು ಕುಳಿತೆವು. ಈ ಬಾಗು ಗ್ರೀಕ್ ಅಕ್ಷರವಿರಬೇಕು, ಈ ಕಮಾನು ಔಷಧಶಾಸ್ತ್ರದ ಹಳೆಯ ಸಂಕೇತವಿರಬೇಕು, ನಾಲ್ಕು ಚಿಹ್ನೆಗಳು ನಾಲ್ಕು ಭೂತಗಳನ್ನು ಸೂಚಿಸುತ್ತಿರಬೇಕು ಎಂದು ಒಂದರ ಮೇಲೊಂದು ವ್ಯಾಖ್ಯಾನ ಹೆಣೆದೆವು. ಎಲ್ಲರೂ ತಲೆಯಾಡಿಸಿದರು. ಭರಣಿಗಳನ್ನು ಇಳಿಸಿ ಏರಿಸಿದರು. ಯಾವ ಬೀಗವೂ ತೆರೆಯಲಿಲ್ಲ.

ಈ ನಡುವೆ ಮೊಮ್ಮಗಳು ಒಮ್ಮೆ ನಮ್ಮ ತೋಳು ಹಿಡಿದು, ‘ಅಜ್ಜಾ, ಅದನ್ನ ಕನ್ನಡಿಗೆ ಹಚ್ಚಿ ನೋಡೂಣು’ ಎಂದಳು. ‘ತಡಿ ಅವ್ವಾ, ದೊಡ್ಡವರು ವಿಚಾರ ಮಾಡಾಕತ್ತೀವಿ’ ಎಂದೆವು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ, ‘ಅಜ್ಜಾ, ಕನ್ನಡಿ’ ಎಂದಳು. ಈ ಸಲ ನಾವು ಉತ್ತರವನ್ನೂ ಕೊಡಲಿಲ್ಲ, ಸುಮ್ಮನಿರೆಂದು ಕೈ ಎತ್ತಿದೆವು. ಆಕೆ ಹೋಗಿ ಕನ್ನಡಿಯ ಮುಂದೆ ಒಬ್ಬಳೇ ನಿಂತಳು. ಹೊತ್ತು ಓಡುತ್ತಿತ್ತು. ಆಗ ಗೋಡೆಯ ಪರದೆ ಬೆಳಗಿತು. ಅದರ ಮೇಲೆ ಬಂದ ಇಂಗ್ಲಿಷ್ ವಾಕ್ಯದ ತಾತ್ಪರ್ಯ ಇಷ್ಟು: ನಿಮ್ಮಲ್ಲಿ ಎಲ್ಲರಿಗಿಂತ ಕಿರಿಯಳಾದವಳು ಹತ್ತು ನಿಮಿಷಗಳಿಂದ ಎಲ್ಲಿ ನಿಂತಿದ್ದಾಳೆ, ನೋಡಿರಿ.

ಐವರಲ್ಲಿ ನಾಲ್ವರು ತಿರುಗಿ ನೋಡಿದೆವು. ಕನ್ನಡಿಯೊಳಗೆ ಆ ಕೂಸಿನ ಮುಖ ಕಂಡಿತು. ಕಣ್ಣು ತುಂಬಿದ್ದವು. ಕಾಗದವನ್ನು ಕೊಟ್ಟೆವು. ಆಕೆ ಅದನ್ನು ಕಟ್ಟೆಯ ಮೇಲೆ ಅಂಗಾತ ಹಾಸಿ, ಚಿಹ್ನೆಗಳಿದ್ದ ಅಂಚನ್ನು ಕನ್ನಡಿಯ ಬುಡಕ್ಕೆ ಮುಟ್ಟಿಸಿದಳು. ಅವು ಚಿಹ್ನೆಗಳೇ ಆಗಿರಲಿಲ್ಲ, ಅಡ್ಡವಾಗಿ ಕತ್ತರಿಸಿದ ಅಂಕಿಗಳ ಅರ್ಧಗಳು. ಉಳಿದರ್ಧವನ್ನು ಕನ್ನಡಿ ತುಂಬಿಕೊಟ್ಟಿತು. ಮೂರು, ಎಂಟು, ಒಂದು, ಸೊನ್ನೆ. ಬೀಗ ಕಳಚಿತು.

ಆದರೆ ನಮ್ಮ ಪಾಂಡಿತ್ಯ ತಿಂದ ಸಮಯ ತಿರುಗಿ ಬರಲಿಲ್ಲ. ಕೊನೆಯ ಒಂದು ಬೀಗ ಉಳಿದಿರುವಾಗಲೇ ಅರವತ್ತು ನಿಮಿಷ ಮುಗಿದು ಗಂಟೆ ಬಾರಿಸಿತು. ತರುಣಿ ಬಾಗಿಲು ತೆರೆದು ಒಳಗೆ ಬಂದು, ಸೋತವರನ್ನೂ ಗೆದ್ದವರಂತೆಯೇ ಅಭಿನಂದಿಸಿದಳು. ಹೊರಗೆ ಬರುವಾಗ ಮೊಮ್ಮಗಳು ಮೆಲ್ಲಗೆ, ‘ನಾ ಹೇಳಿದ್ನೆಲ್ಲ ಅಜ್ಜಾ’ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಇಷ್ಟು ನಾಟುತ್ತಿರಲಿಲ್ಲವೇನೋ.

ಹೊರಗಿನ ಬೆಂಚಿನ ಮೇಲೆ ಕುಳಿತಾಗ ನಾವು ಆ ತರುಣಿಯನ್ನು ಒಂದು ಪ್ರಶ್ನೆ ಕೇಳಿದೆವು. ಒಳಗೆ ಬೆಂಕಿ ಬಿದ್ದರೆ ಏನು ಗತಿ? ಆಕೆ ನಮ್ಮನ್ನು ಮತ್ತೆ ಒಳಗೆ ಕರೆದೊಯ್ದು ಬಾಗಿಲ ಪಕ್ಕದ ಹಸಿರು ಗುಂಡಿಯನ್ನು ತೋರಿಸಿದಳು. ಆಟದ ಮೊದಲು ಅದನ್ನು ತೋರಿಸಿದ್ದಳು, ನಾವೇ ಗಮನವಿಡದೆ ಬಿಟ್ಟಿದ್ದೆವು. ಆ ಬಾಗಿಲಿಗೆ ಇದ್ದದ್ದು ವಿದ್ಯುತ್ ಅಯಸ್ಕಾಂತದ ಬೀಗ. ಗುಂಡಿ ಒತ್ತಿದರೆ ಪ್ರವಾಹ ಕಡಿದು ಬಾಗಿಲು ಬಿಡುತ್ತದೆ. ಕರೆಂಟು ಹೋದರೂ ಅಯಸ್ಕಾಂತದ ಹಿಡಿತ ತಪ್ಪಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಹಾಗಾದರೆ ನಾವು ಬೀಗ ಹಾಕಿದ ಕೋಣೆಯಲ್ಲಿ ಇರಲೇ ಇಲ್ಲವೆ ಎಂದು ಕೇಳಿದೆವು. ಇಲ್ಲ, ಒಂದು ಕ್ಷಣವೂ ಇರಲಿಲ್ಲ ಎಂದಳು.

ಈ ಎಚ್ಚರದ ಹಿಂದೆ ಒಂದು ದುರಂತವಿದೆ. 2019ರ ಜನವರಿ 4ರಂದು ಪೋಲೆಂಡ್ ದೇಶದ ಕೊಶಾಲಿನ್ ನಗರದಲ್ಲಿ ಹದಿನೈದು ವರ್ಷ ವಯಸ್ಸಿನ ಐವರು ಹುಡುಗಿಯರು ಗೆಳತಿಯ ಹುಟ್ಟುಹಬ್ಬವನ್ನು ಆಚರಿಸಲು ಇಂಥ ಕೋಣೆಯೊಳಗೆ ಹೋದರು. ಹೊರಗಿನ ಕೋಣೆಯಲ್ಲಿ, ಬಿಸಿಗಾಗಿ ಇಟ್ಟಿದ್ದ ಅನಿಲದ ಸೋರಿಕೆಯಿಂದ ಬೆಂಕಿ ಹೊತ್ತಿತು. ಒಳಗಿದ್ದವರಿಗೆ ಹೊರಬರುವ ಬೇರೆ ದಾರಿ ಇರಲಿಲ್ಲ. ಐವರೂ ಹೊಗೆಯಲ್ಲಿ ಉಸಿರುಗಟ್ಟಿ ಪ್ರಾಣಬಿಟ್ಟರು. ಬಳಿಕ ಆ ದೇಶದ ಎಲ್ಲ ಇಂಥ ಕೋಣೆಗಳನ್ನು ಅಧಿಕಾರಿಗಳು ತಪಾಸಣೆ ಮಾಡಿದರು, ಅನೇಕವನ್ನು ಮುಚ್ಚಿಸಿದರು. ಇದನ್ನು ಕೇಳಿದಾಗ ಮಧ್ಯಾಹ್ನ ಕಂಡ ಲೋಹದ ಮರ ನೆನಪಾಯಿತು. ಒಂದು ಕಡೆ ದ್ವೇಷ, ಇನ್ನೊಂದು ಕಡೆ ಅಲಕ್ಷ್ಯ. ಕಾರಣಗಳು ಬೇರೆ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ನಮ್ಮ ಸಂಶಯಕ್ಕೆ ಉತ್ತರ ಅಲ್ಲಿಯೇ ಸಿಕ್ಕಿತು. ಒಳಗಿನ ಕೈಗೆ ಬಾಗಿಲು ತೆರೆಯುವಂತಿದ್ದರೆ ಅದು ಆಟ. ತೆರೆಯದಿದ್ದರೆ ಅದು ಸೆರೆಮನೆ, ಅದಕ್ಕೆ ಯಾವ ಚೆಂದದ ಹೆಸರಿಟ್ಟರೂ ಅಷ್ಟೆ. ಮನೆಗಳಲ್ಲಿ, ಮಠಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗೆ ನಾವು ಹಾಕುವ ಕಟ್ಟುಕಟ್ಟಳೆಗಳಿಗೂ ಈ ಮಾತು ಸಲ್ಲುತ್ತದೆ. ಕಟ್ಟು ಬೇಕು, ಸಂದೇಹವಿಲ್ಲ. ಹಸಿರು ಗುಂಡಿಯೂ ಬೇಕು. ಅದು ಎಲ್ಲಿದೆಯೆಂದು ಮಗುವಿಗೆ ಮೊದಲೇ ತೋರಿಸಿರಬೇಕು.

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಬಾಲ್ಯದಲ್ಲಿ ಮಠದಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಬೆಡಗಿನ ವಚನಗಳನ್ನು ಪಾಠ ಹೇಳುತ್ತಿದ್ದ ರೀತಿ ಕಣ್ಮುಂದೆ ಬಂದಿತು. ಅಲ್ಲಮಪ್ರಭುಗಳ ಬೆಡಗಿನ ವಚನಗಳು ಹೊರನೋಟಕ್ಕೆ ಅಸಂಗತವೆನಿಸುವ ಒಗಟುಗಳು. ಅರ್ಥದ ಅರ್ಧ ಮಾತಿನಲ್ಲಿದ್ದರೆ ಉಳಿದರ್ಧ ಓದುವವನ ಅನುಭವದ ಕನ್ನಡಿಯಲ್ಲಿ ಮೂಡಬೇಕು. ಗುರುಗಳು ಒಂದು ವಚನವನ್ನು ಬಾಯಿಪಾಠ ಮಾಡಿಸಿ ಬಿಟ್ಟುಬಿಡುತ್ತಿದ್ದರು. ಎಂಟು ದಿನ ಅದರ ಸುದ್ದಿಯೇ ಇಲ್ಲ. ದನ ಮೇಯಿಸುವಾಗ, ದಾಸೋಹದಲ್ಲಿ ಬಡಿಸುವಾಗ, ಬಾವಿಯಿಂದ ನೀರು ಸೇದುವಾಗ ಅದು ತಲೆಯಲ್ಲಿ ತಿರುಗುತ್ತಿತ್ತು. ಒಂಬತ್ತನೆಯ ದಿನ ಕೂಡಿಸಿಕೊಂಡು ಎಲ್ಲರಿಂದಲೂ ಅರ್ಥ ಕೇಳುತ್ತಿದ್ದರು, ಎಲ್ಲರಿಗಿಂತ ಚಿಕ್ಕವನಿಂದ ಮೊದಲು. ತೀರ ದಾರಿ ತಪ್ಪಿದಾಗ ಮಾತ್ರ ಒಂದು ಸುಳಿವು ಕೊಡುತ್ತಿದ್ದರು. ಹದಿನೈದನೆಯ ಶತಮಾನದಿಂದ ಬಂದ ಟೀಕೆಗಳ ಮಾತನ್ನು ತೆಗೆಯುತ್ತಿದ್ದುದು ಎಲ್ಲಕ್ಕೂ ಕಡೆಗೆ.

ಇಂಥ ಗುರುಗಳ ಕೈಯಲ್ಲಿ ಕಲಿತ ನಾವು ಕಾಲೇಜಿನಲ್ಲಿ ಕಲಿಸಲು ನಿಂತಾಗ ಮಾಡಿದ್ದೇನು? ಪರೀಕ್ಷೆಯ ಅವಸರ, ಪಠ್ಯದ ಒತ್ತಡ. ಟೀಕೆಯನ್ನು ಮೊದಲು ಬರೆಸಿ, ವಚನವನ್ನು ಆಮೇಲೆ ಓದಿಸಿದೆವು. ಬಾಗಿಲು ತೆರೆದಿಟ್ಟ ಕೋಣೆಯನ್ನು ತೋರಿಸಿ, ಇದೇ ಬಿಡುಗಡೆ ನೋಡಿರೆಂದು ಹೇಳಿದಂತೆ. 1991ರ ಒಂದು ದಿನ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ವಚನದ ಒಂದು ಸಂಕೇತಕ್ಕೆ ತನ್ನ ಅಜ್ಜಿ ಬೀಸುವಾಗ ಹೇಳುತ್ತಿದ್ದ ಒಡಪಿನಿಂದ ಅರ್ಥ ಹೇಳಹೊರಟಳು. ‘ಟೀಕೆಯಲ್ಲಿ ಹಾಗಿಲ್ಲ, ಕೂಡು’ ಎಂದೆವು. ತರಗತಿ ನಕ್ಕಿತು. ಆಕೆ ಕುಳಿತಳು. ಮುಂದೆ ಪದವಿ ಮುಗಿಯುವವರೆಗೆ ನಮ್ಮ ತರಗತಿಯಲ್ಲಿ ಒಂದು ಸಲವೂ ಬಾಯಿ ತೆರೆಯಲಿಲ್ಲ. ಆಕೆಯ ಉತ್ತರಪತ್ರಿಕೆಗಳಲ್ಲಿ ನಾವು ಬರೆಸಿದ ಟೀಕೆ ಅಕ್ಷರ ತಪ್ಪದೆ ಇರುತ್ತಿತ್ತು, ಒಳ್ಳೆಯ ಅಂಕಗಳನ್ನೂ ಕೊಟ್ಟೆವು. ಅದನ್ನು ನಮ್ಮ ಬೋಧನೆಯ ಫಲವೆಂದೇ ಮೂವತ್ತು ವರ್ಷಕ್ಕೂ ಮಿಕ್ಕಿ ಭಾವಿಸಿಕೊಂಡು ಬಂದೆವು. ಬುಡಾಪೆಸ್ಟ್‌ನ ನೆಲಮಾಳಿಗೆಯಲ್ಲಿ, ಕನ್ನಡಿಯೊಳಗೆ ಕಣ್ಣು ತುಂಬಿದ ಮೊಮ್ಮಗಳ ಮುಖ ಕಂಡಾಗ, ಅದರ ಹಿಂದೆ ಈ ಇನ್ನೊಂದು ಮುಖವೂ ಕಂಡಿತು. ಕಾಯಕಜೀವಿಗಳನ್ನೂ ಸ್ತ್ರೀಯರನ್ನೂ ಸಮನಾಗಿ ಕೂಡಿಸಿಕೊಂಡು ಅವರ ಮಾತಿಗೆ ಕಿವಿಗೊಟ್ಟ ಅನುಭವಮಂಟಪದ ಮೇಲೆ ನಾವು ಎಷ್ಟು ಭಾಷಣ ಮಾಡಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಐದು ಜನರ ಒಂದು ಕೋಣೆಯಲ್ಲಿ ಅದನ್ನು ನಡೆಸಲು ನಮ್ಮಿಂದ ಆಗಲಿಲ್ಲ.

ಮರುದಿನ ಮುಂಜಾನೆ ಮೊಮ್ಮಗಳನ್ನು ಕರೆದು, ‘ತಪ್ಪಾತವ್ವಾ’ ಎಂದೆವು. ಆಕೆ ಅದನ್ನು ಆಗಲೇ ಮರೆತಿದ್ದಳು. ಅಣ್ಣನೊಡನೆ ಸೇರಿ ನಮಗೆ ಕಂಪ್ಯೂಟರಿನ ಆಟ ತೋರಿಸುವ ಉತ್ಸಾಹದಲ್ಲಿದ್ದಳು. 2020ರ ಮಹಾಮಾರಿಯ ಕಾಲದಲ್ಲಿ ಊರೂರಿನ ಇಂಥ ಕೋಣೆಗಳು ಮುಚ್ಚಿದಾಗ, ನಡೆಸುವವರಲ್ಲಿ ಕೆಲವರು ಒಂದು ಉಪಾಯ ಕಂಡುಕೊಂಡರಂತೆ. ಒಬ್ಬನೇ ಕ್ಯಾಮೆರಾ ಧರಿಸಿ ಖಾಲಿ ಕೋಣೆಯಲ್ಲಿ ನಿಲ್ಲುವನು. ಬೇರೆ ಬೇರೆ ಊರುಗಳಲ್ಲಿ ಮನೆಯೊಳಗೆ ಕುಳಿತವರು ಅಂತರ್ಜಾಲದ ಮೂಲಕ ಅವನಿಗೆ ಆ ಖಾನೆ ತೆಗೆ, ಆ ಭರಣಿ ತಿರುಗಿಸು ಎಂದು ಹೇಳುವರು. ಈ ಮಕ್ಕಳು ಬುಡಾಪೆಸ್ಟ್‌ನಲ್ಲಿ, ಅವರ ಸೋದರಮಾವನ ಮಕ್ಕಳು ಹುಬ್ಬಳ್ಳಿಯಲ್ಲಿ, ಎಲ್ಲರೂ ಸೇರಿ ಹಾಗೆ ಆಡಿದ್ದರಂತೆ. ಅಂದು ಲೋಕವೇ ಮನೆಯೊಳಗೆ ಬೀಗ ಹಾಕಿಕೊಂಡು ಕುಳಿತಿತ್ತಲ್ಲವೆ? ಮಗ ಕೋಣೆಯ ಬಾಗಿಲು ಹಾಕಿಕೊಳ್ಳುವುದನ್ನು ಕಂಡು ನಾವು ತಪ್ಪೆಣಿಸಿದ್ದೆವು. ಆ ಮುಚ್ಚಿದ ಬಾಗಿಲಿನ ಹಿಂದೆ ಅವನು ಹುಬ್ಬಳ್ಳಿಯ ಬಂಧುಗಳೊಡನೆ ಕನ್ನಡ ಮಾತನಾಡುತ್ತಿದ್ದನೆಂಬುದು ನಮಗೆ ತಿಳಿಯದು. ಆದರೂ ಒಂದು ಮಾತು ಹೇಳಬೇಕು. ಪರದೆಯ ಆಟದಲ್ಲಿ ಅವನಿಗೆ ತಂದೆಯ ಅವಶ್ಯಕತೆಯಿರಲಿಲ್ಲ, ನೆಲಮಾಳಿಗೆಯಲ್ಲಿ ಇತ್ತು. ಆ ದಿನದ ನಂತರ ಊಟದ ಹೊತ್ತಿಗೆ ತಂದೆಮಕ್ಕಳ ನಡುವೆ ಕೊನೆಯ ಬೀಗವನ್ನು ಹೇಗೆ ತೆರೆಯಬಹುದಿತ್ತೆಂಬ ಚರ್ಚೆ ನಾವು ಹೊರಡುವವರೆಗೂ ನಡೆದಿತ್ತು.

ಊರಿಗೆ ಮರಳಿದ ಮೇಲೆ, ಸೋಮವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯುವ ವಚನಪಾಠದ ಕ್ರಮವನ್ನು ಬದಲಿಸಿದ್ದೇವೆ. ಓಣಿಯ ಆರೇಳು ಮಕ್ಕಳು, ಕೆಲವು ತಾಯಂದಿರು ಬರುತ್ತಾರೆ. ಒಂದು ವಾರ ವಚನ ಕೊಡುತ್ತೇವೆ, ಅರ್ಥ ಹೇಳುವುದಿಲ್ಲ. ಮುಂದಿನ ವಾರ ಎಲ್ಲರಿಗಿಂತ ಚಿಕ್ಕವರಿಂದ ಮೊದಲು ಕೇಳುತ್ತೇವೆ. ಟೀಕೆಯ ಪುಸ್ತಕವನ್ನು ಪಾಠ ಮುಗಿಯುವವರೆಗೆ ಕಪಾಟಿನಿಂದ ತೆಗೆಯುವುದಿಲ್ಲ. ಮಕ್ಕಳು ಹೇಳುವ ಅರ್ಥ ಎಷ್ಟೋ ಸಲ ತಪ್ಪಿರುತ್ತದೆ. ಕೆಲವು ಸಲ ನಮ್ಮ ನಲವತ್ತು ವರ್ಷಗಳ ಓದಿಗೆ ಹೊಳೆಯದಿದ್ದುದು ಅದರಲ್ಲಿರುತ್ತದೆ. ‘ತಡಿ’ ಎಂಬ ಮಾತು ಇನ್ನೂ ನಾಲಗೆಯ ತುದಿಗೆ ಬರುತ್ತದೆ. ಅದನ್ನು ನುಂಗುವ ಅಭ್ಯಾಸ ನಡೆದಿದೆ.

1991ರ ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾರೋ ನಮಗೆ ತಿಳಿಯದು. ಅವರಿಗೂ ಈಗ ಐವತ್ತು ದಾಟಿರಬೇಕು. ಈ ಪತ್ರಿಕೆ ಬಹಳ ಮನೆಗಳಿಗೆ ಹೋಗುತ್ತದೆ. ಅವರ ಮನೆಗೂ ಹೋಗುತ್ತಿದ್ದು, ಈ ಬರಹ ಅವರ ಕಣ್ಣಿಗೆ ಬಿದ್ದರೆ ಒಂದು ವಿನಂತಿಯಿದೆ. ಅಂದು ಅವರು ಹೇಳಹೊರಟ ಅಜ್ಜಿಯ ಒಡಪು ಯಾವುದೆಂಬುದನ್ನು ದಯವಿಟ್ಟು ನಮಗೆ ಬರೆದು ತಿಳಿಸಲಿ. ಆ ವಚನದ ಅರ್ಥದಲ್ಲಿ ನಮ್ಮ ಪಾಲಿಗೆ ಅರ್ಧ ಮಾತ್ರ ದೊರೆತಿದೆ. ಉಳಿದರ್ಧ ಅವರಲ್ಲಿಯೇ ಉಳಿದಿದೆ.